ಮುಖಂಡರನ್ನು ಕೆಡಹಲು ಹಾಕುವ ಮತ: ಸರಸ್ವತಿಪುರಂನ ಐದು ಶನಿವಾರಗಳ ತರಗತಿ

ಮೈಸೂರಿನ ಸರಸ್ವತಿಪುರಂನಲ್ಲಿರುವ ಖಾಸಗಿ ಅಧ್ಯಯನ ಕೇಂದ್ರವೊಂದು ಶನಿವಾರದ ಸಂಜೆಗಳಲ್ಲಿ ನಡೆಸಿದ ಐದು ತರಗತಿಗಳ ಮಾಲೆಗೆ 1,200 ರೂಪಾಯಿ ಕಟ್ಟಿ ಸೇರಿ, ಐದನ್ನೂ ತಪ್ಪಿಸದೆ ಕೂತು ಬಂದವನ ಅಭಿಪ್ರಾಯವಿದು. ಮಾಲೆಯ ವಿಷಯ, ಬ್ರಿಟನ್ನಿನ ಚುನಾವಣೆಗಳಲ್ಲಿ ವಿರೋಧ ಪಕ್ಷದ ಮುಖಂಡರನ್ನು ಕೆಡಹಲೆಂದು ಮತದಾರರು ಹಾಕುವ ಮತ. ಅಂದರೆ ತಮಗೆ ಇಷ್ಟವಾದ ಅಭ್ಯರ್ಥಿಯನ್ನು ಬಿಟ್ಟು, ಸೋಲಬೇಕಾದವರನ್ನು ಸೋಲಿಸಬಲ್ಲವರಿಗೆ ಹಾಕುವ ತಂತ್ರದ ಮತ. ಇಷ್ಟು ಕಿರಿದಾದ ವಿಷಯಕ್ಕೆ ಐದು ಸಂಜೆ ಬೇಕೇ ಎಂದು, ಮಂಡ್ಯದ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನನಗೂ ಅನುಮಾನವಿತ್ತು. ಮುಗಿದ ಮೇಲೆ ಹೇಳುವುದಾದರೆ, ಎರಡನೆಯ ಮತ್ತು ಮೂರನೆಯ ಸಂಜೆಗಳಿಂದ ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ, ನಾಲ್ಕನೆಯದು ಅರೆಬೆಂದದ್ದು, ಐದನೆಯದು ದಂಡ. ಕೇಂದ್ರದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ದೂರುಗಳನ್ನು ಅವರ ಕೈಗೇ ಬರೆದು ಕೊಟ್ಟಿದ್ದೇನೆ.

ಪಾಠ ಮಾಡಿದವರು ಮೈಸೂರಿನವರೇ ಆಗಿದ್ದು, ಬಹಳ ವರ್ಷ ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಹಿಂದಿರುಗಿದವರು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ, ಅಲ್ಲಿನ ಪೌರತ್ವ ಪಡೆಯದೆಯೂ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು ಎಂಬ ಸಂಗತಿ ತರಗತಿಯಲ್ಲಿದ್ದ ಮುಕ್ಕಾಲು ಜನಕ್ಕೆ ಹೊಸದು. ಮೇಷ್ಟ್ರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ 2005ರಲ್ಲಿ ಮತ ಹಾಕಿದವರು. ಆಗ ಮನೆಗೆ ಬಂದಿದ್ದ ಸೂಚನಾ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದರು, ಅದು ನಮ್ಮ ಕೈಯಿಂದ ಕೈಗೆ ಹೋಗಿ ಬಂತು. ಮತಗಟ್ಟೆಯಲ್ಲಿ ದಾರ ಕಟ್ಟಿದ ಪೆನ್ಸಿಲ್ಲಿನಿಂದ ಚೀಟಿಯ ಮೇಲೆ ಒಂದು ಕತ್ತರಿ ಗುರುತು ಹಾಕಿದರೆ ಮುಗಿಯಿತು, ಆ ಕಾಲದಲ್ಲಿ ಗುರುತಿನ ಚೀಟಿ ತೋರಿಸುವ ಕಟ್ಟಳೆಯೂ ಇರಲಿಲ್ಲ, ಫೋಟೊ ಇರುವ ದಾಖಲೆ ಬೇಕೆಂಬ ನಿಯಮ 2023ರಿಂದ ಈಚೆಗೆ ಬಂದದ್ದು ಎಂದು ವಿವರಿಸಿದರು. ಓದಿ ಬಂದವರು ಹೇಳುವುದಕ್ಕೂ ಹಾಕಿ ಬಂದವರು ಹೇಳುವುದಕ್ಕೂ ಇರುವ ವ್ಯತ್ಯಾಸ ಮೊದಲ ಹತ್ತು ನಿಮಿಷದಲ್ಲೇ ಕಾಣಿಸಿತು.

ಮೊದಲ ಸಂಜೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕ್ಷೇತ್ರ, ಒಬ್ಬ ಪ್ರತಿನಿಧಿ, ಉಳಿದವರಿಗಿಂತ ಒಂದು ಮತ ಹೆಚ್ಚು ಬಂದವರಿಗೆ ಗೆಲುವು ಎಂಬ ಪದ್ಧತಿ ನಮಗೆ ಅಲ್ಲಿಂದಲೇ ಬಂದದ್ದಾದ್ದರಿಂದ ಅದನ್ನು ಒಂದೂವರೆ ಗಂಟೆ ವಿವರಿಸುವ ಅಗತ್ಯವಿರಲಿಲ್ಲ. ಆದರೆ ಕೊನೆಯಲ್ಲಿ ಕೊಟ್ಟ ಎರಡು ಉದಾಹರಣೆಗಳು ಚೆನ್ನಾಗಿದ್ದವು. 1983ರಲ್ಲಿ ಎಸ್‌ಡಿಪಿ (ಸೋಷಿಯಲ್ ಡೆಮಾಕ್ರಟಿಕ್ ಪಕ್ಷ) ಮತ್ತು ಲಿಬರಲ್ ಪಕ್ಷಗಳ ಮೈತ್ರಿಕೂಟಕ್ಕೆ ಶೇ 25.4ರಷ್ಟು ಮತ ಬಂದರೂ ಸಿಕ್ಕಿದ್ದು 23 ಸ್ಥಾನ. ಅದಕ್ಕಿಂತ ಸ್ವಲ್ಪವೇ ಮುಂದೆ, ಶೇ 27.6ರಲ್ಲಿದ್ದ ಲೇಬರ್ ಪಕ್ಷಕ್ಕೆ 209. ಇದಕ್ಕೆ ತದ್ವಿರುದ್ಧವಾಗಿ, 1992ರಲ್ಲಿ ಶೇ 17.8ರಷ್ಟು ಮತ ಪಡೆದು 20 ಸ್ಥಾನ ಗೆದ್ದಿದ್ದ ಲಿಬರಲ್ ಡೆಮಾಕ್ರಟರು (ಆ ಎರಡು ಪಕ್ಷಗಳು ಒಂದಾಗಿ ಆದ ಪಕ್ಷ) 1997ರಲ್ಲಿ ಶೇ 16.8ಕ್ಕೆ ಇಳಿದರೂ 46 ಸ್ಥಾನ ಗೆದ್ದರು. ಮತ ಕಡಿಮೆಯಾಗಿ ಸ್ಥಾನ ಎರಡು ಪಟ್ಟು ಮೀರಿದ್ದು ಹೇಗೆಂದರೆ, ಕನ್ಸರ್ವೇಟಿವ್ ಪಕ್ಷವನ್ನು ಇಳಿಸಲೇಬೇಕೆಂದಿದ್ದ ಮತದಾರರು ತಮ್ಮ ತಮ್ಮ ಕ್ಷೇತ್ರದಲ್ಲಿ ಎರಡನೆಯ ಸ್ಥಾನದಲ್ಲಿ ಇರುವವರು ಯಾರು ಎಂದು ನೋಡಿ ಅವರ ಬೆನ್ನಿಗೆ ನಿಂತರು. ತಂತ್ರದ ಮತಕ್ಕೆ ಬೇಕಾದ ಲೆಕ್ಕ ಇಷ್ಟೇ, ಎರಡನೆಯವರು ಯಾರು ಮತ್ತು ಮೂರನೆಯವರ ಬುಟ್ಟಿಯಲ್ಲಿ ಎಷ್ಟಿದೆ.

ಎರಡನೆಯ ಸಂಜೆ 2005ರದ್ದು. ಈ ಸೇವೆಗೆ ಅಂಕ ಕೊಡುವುದಾದರೆ ಅಷ್ಟೂ ಅಂಕ ಈ ಸಂಜೆಗೆ ಸಲ್ಲಬೇಕು. ಆ ವರ್ಷ ಟೋನಿ ಬ್ಲೇರ್ ಅವರ ಲೇಬರ್ ಅಧಿಕಾರದಲ್ಲಿತ್ತು, ಮೈಕೆಲ್ ಹೊವಾರ್ಡ್ ಅವರ ಕನ್ಸರ್ವೇಟಿವ್ ವಿರೋಧ ಪಕ್ಷವಾಗಿತ್ತು, ಚಾರ್ಲ್ಸ್ ಕೆನಡಿ ಅವರ ಲಿಬರಲ್ ಡೆಮಾಕ್ರಟರು ಮೂರನೆಯವರು. ಮೂರನೆಯವರು ಮಾಡಿದ ಯೋಜನೆಗೆ ಅಲ್ಲಿನ ಪತ್ರಿಕೆಗಳು ಕೊಟ್ಟ ಹೆಸರನ್ನು ಮೇಷ್ಟ್ರು ಕನ್ನಡದಲ್ಲಿ ಶಿರಚ್ಛೇದ ತಂತ್ರ ಎಂದರು. ಅಧಿಕಾರದಲ್ಲಿದ್ದ ಪಕ್ಷದ ತಂಟೆಗೆ ಹೋಗದೆ, ವಿರೋಧ ಪಕ್ಷದ ಮುಂದಿನ ಸಾಲನ್ನೇ ಅವರವರ ಸ್ವಂತ ಕ್ಷೇತ್ರದಲ್ಲಿ ಸೋಲಿಸಿ, ಆ ಜಾಗಕ್ಕೆ ತಾವು ಏರುವುದು ಲೆಕ್ಕಾಚಾರ. ಗುರಿಯಾದವರಲ್ಲಿ ಪಕ್ಷದ ನಾಯಕ ಹೊವಾರ್ಡ್, ಒಬ್ಬೊಬ್ಬ ಮಂತ್ರಿಗೂ ಎದುರಾಗಿ ವಿರೋಧ ಪಕ್ಷ ನೇಮಿಸಿಕೊಳ್ಳುವ ಛಾಯಾ ಮಂತ್ರಿಮಂಡಲದಲ್ಲಿ ಗೃಹ ಖಾತೆ ನೋಡುತ್ತಿದ್ದ ಡೇವಿಡ್ ಡೇವಿಸ್, ಹಣಕಾಸಿನ ಆಲಿವರ್ ಲೆಟ್ವಿನ್, ಶಿಕ್ಷಣದ ಟಿಮ್ ಕಾಲಿನ್ಸ್ ಮತ್ತು ಥೆರೆಸಾ ಮೇ ಇದ್ದರು. ಬಹುಪಾಲು ಗುರಿಗಳ ಗೆಲುವಿನ ಅಂತರ 2001ರಲ್ಲಿ ಕೈಗೆ ಎಟುಕುವಷ್ಟೇ ಇತ್ತು: ವೆಸ್ಟ್ ಡಾರ್ಸೆಟ್‌ನಲ್ಲಿ ಲೆಟ್ವಿನ್ 1,414, ಹಾಲ್ಟೆಂಪ್ರೈಸ್ ಅಂಡ್ ಹೌಡನ್‌ನಲ್ಲಿ ಡೇವಿಸ್ 1,903, ವೆಸ್ಟ್‌ಮರ್ಲೆಂಡ್ ಅಂಡ್ ಲಾನ್ಸ್‌ಡೇಲ್‌ನಲ್ಲಿ ಕಾಲಿನ್ಸ್ 3,147, ಮೇಡನ್‌ಹೆಡ್‌ನಲ್ಲಿ ಮೇ 3,284. ಮೂರನೆಯ ಸ್ಥಾನದ ಲೇಬರ್ ಮತದಾರರಲ್ಲಿ ಒಂದಷ್ಟು ಜನ ಈ ಕಡೆ ವಾಲಿದರೆ ಸಾಕಿತ್ತು.

ಕೆಡವಲು ಸಾಧ್ಯವಾದದ್ದು ಒಬ್ಬರನ್ನು ಮಾತ್ರ. 2001ರಲ್ಲಿ ಅದೇ ಕ್ಷೇತ್ರದಲ್ಲಿ ಸೋತಿದ್ದ ಲಿಬರಲ್ ಡೆಮಾಕ್ರಟ್ ಟಿಮ್ ಫ್ಯಾರನ್ ಅಲ್ಲೇ ಎರಡನೆಯ ಸಲ ನಿಂತು ಕಾಲಿನ್ಸ್ ಅವರನ್ನು 267 ಮತಗಳಿಂದ ಸೋಲಿಸಿದರು. ಉಳಿದವರೆಲ್ಲರೂ ಮೊದಲಿಗಿಂತ ಭದ್ರವಾದರು: ಲೆಟ್ವಿನ್ 2,461ಕ್ಕೆ, ಡೇವಿಸ್ 5,116ಕ್ಕೆ, ಮೇ 6,231ಕ್ಕೆ, ಹೊವಾರ್ಡ್ 5,907ರಿಂದ 11,680ಕ್ಕೆ ಏರಿದರು. ಮೇಷ್ಟ್ರು ಈ ಅಂಕಿಗಳನ್ನು ಹಲಗೆಯ ಮೇಲೆ ಎರಡು ಸಾಲಾಗಿ ಬರೆದು, ಏನೂ ಹೇಳದೆ, ಸೀಮೆಸುಣ್ಣದ ಪುಡಿ ಕೊಡವಿಕೊಂಡು ಕೂತುಬಿಟ್ಟರು. ಯಾಕೆ ಹೀಗಾಯಿತು ಎಂಬುದನ್ನು ನಾವೇ ಕಂಡುಕೊಳ್ಳಲಿ ಎಂದು ಅವರು ಇಟ್ಟ ಪ್ರಯೋಗವೇ ಈ ಮಾಲೆಯ ಜೀವ.

ತರಗತಿಯಲ್ಲಿ ಇಪ್ಪತ್ನಾಲ್ಕು ಜನ. ಒಬ್ಬೊಬ್ಬರಿಗೂ ಒಂದೊಂದು ಚೀಟಿ ಹಂಚಿದರು. ಅದರಲ್ಲಿ ನೀವು ಯಾವ ಬಣ್ಣದ ಪಕ್ಷದವರು, ಉಳಿದೆರಡರಲ್ಲಿ ನಿಮಗೆ ಯಾವುದು ಕಂಡರೆ ಆಗುವುದಿಲ್ಲ ಎಂದು ಬರೆದಿತ್ತು. ನೀಲಿ ಎಂದರೆ ಕನ್ಸರ್ವೇಟಿವ್, ಹಳದಿ ಲಿಬರಲ್ ಡೆಮಾಕ್ರಟರು, ಕೆಂಪು ಲೇಬರ್. ಮೇಜಿನ ಮೇಲೆ ಮುಚ್ಚಳಕ್ಕೆ ಸೀಳು ಮಾಡಿದ ಮೂರು ಸ್ಟೀಲ್ ಡಬ್ಬಿಗಳು. ಮೊದಲ ಸುತ್ತಿನಲ್ಲಿ ಎಲ್ಲರೂ ತಮ್ಮ ತಮ್ಮ ಪಕ್ಷಕ್ಕೇ ಹಾಕಿದೆವು: ನೀಲಿಗೆ 11, ಹಳದಿಗೆ 8, ಕೆಂಪಿಗೆ 5. ಎರಡನೆಯ ಸುತ್ತಿಗೆ ಮೊದಲು ಮೇಷ್ಟ್ರು ಎಲ್ಲರಿಗೂ ಕೇಳುವಂತೆ, ನೀಲಿಯ ನಾಯಕರನ್ನು ಈ ಸಲ ಕೆಡವಬೇಕೆಂದು ಹಳದಿಯವರು ತೀರ್ಮಾನಿಸಿದ್ದಾರೆ, ಕೆಂಪಿನವರು ಸಹಕರಿಸಬೇಕು ಎಂದು ಸಾರಿದರು. ಕೆಂಪಿನ ಐವರಲ್ಲಿ ನಾಲ್ವರು ಹಳದಿಗೆ ಹೋದರು. ಎಂಟು ಮತ್ತು ನಾಲ್ಕು ಸೇರಿ ಹನ್ನೆರಡಾಗಿ ಹಳದಿ ಗೆಲ್ಲಬೇಕಿತ್ತು. ಎಣಿಸಿ ನೋಡಿದರೆ ನೀಲಿ 12, ಹಳದಿ 11, ಕೆಂಪು 1. ಹಳದಿಯ ಒಬ್ಬರು ಸದ್ದಿಲ್ಲದೆ ನೀಲಿಗೆ ಹಾಕಿದ್ದರು.

ಆಕೆ ಯಾದವಗಿರಿಯಿಂದ ಬರುತ್ತಿದ್ದ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಹಿರಿಯರು. ಅವರ ಚೀಟಿಯಲ್ಲಿ, ನಿಮಗೆ ಕೆಂಪು ಕಂಡರೆ ಆಗುವುದಿಲ್ಲ ಎಂದಿತ್ತಂತೆ. “ನೀವು ಕೆಂಪಿನವರನ್ನ ಕರೆದು ಪಕ್ಕದಲ್ಲಿ ಕೂರಿಸ್ಕೊಂಡ್ರಿ ಸರ್. ಅಲ್ಲಿವರೆಗೂ ನಾನು ಹಳದೀನೇ. ಮನೆ ಜಗಳಕ್ಕೆ ಎದುರುಮನೆಯೋರು ಬಂದು ಕೂತ್ರೆ, ಜಗಳ ಬಿಟ್ಟು ಮನೆಯೋರ ಕಡೆಗೇ ನಿಲ್ಬೇಕು ಅನ್ಸುತ್ತಲ್ಲ, ಹಾಗಾಯ್ತು,” ಎಂದರು. ಮೇಷ್ಟ್ರು ಹಲಗೆಯ ಮೇಲಿದ್ದ ಲೆಟ್ವಿನ್, ಮೇ ಅವರ ಅಂಕಿಗಳತ್ತ ಬೆರಳು ತೋರಿಸಿದರು. ಮುಖಂಡರೊಬ್ಬರನ್ನು ಸೋಲಿಸುತ್ತೇವೆಂದು ಊರಿಗೆಲ್ಲ ಸಾರಿದ ತಂತ್ರ, ಕೇಳಿಸಬೇಕಾದವರ ಜೊತೆಗೆ ಕೇಳಿಸಬಾರದವರಿಗೂ ಕೇಳಿಸುತ್ತದೆ. ಬೇಸತ್ತು ಮನೆಯಲ್ಲೇ ಉಳಿಯುತ್ತಿದ್ದ ಸ್ವಪಕ್ಷದವರೂ ಎದ್ದು ಬರುತ್ತಾರೆ. ಇದರ ಜೊತೆಗೆ ಆ ವರ್ಷ ಲಿಬರಲ್ ಡೆಮಾಕ್ರಟರು ಇರಾಕ್ ಯುದ್ಧದ ಸಿಟ್ಟನ್ನು ಬಳಸಿಕೊಂಡು ಲೇಬರ್‌ನಿಂದಲೂ ಸ್ಥಾನ ಕಸಿಯುತ್ತಿದ್ದರು. ಕೇಂಬ್ರಿಜ್, ಮ್ಯಾಂಚೆಸ್ಟರ್ ವಿದಿಂಗ್ಟನ್‌ಗಳಲ್ಲಿ ಲೇಬರ್ ಅನ್ನು ಸೋಲಿಸಿ, ಡಾರ್ಸೆಟ್‌ನಲ್ಲಿ ಲೇಬರ್ ಮತದಾರರ ನೆರವು ಕೇಳುವುದು ಒಂದೇ ಬಾಯಿಂದ ಆಗುವ ಕೆಲಸವಲ್ಲ. ಒಟ್ಟಾರೆ ಅವರ ಬಲ 52ರಿಂದ 62ಕ್ಕೆ ಏರಿತು, ಆದರೆ ತೆಗೆಯಬೇಕೆಂದಿದ್ದ ತಲೆಗಳು ಅಲ್ಲೇ ಇದ್ದವು. ಅವರಲ್ಲಿ ಒಬ್ಬರಾದ ಥೆರೆಸಾ ಮೇ 2016ರಲ್ಲಿ ಪ್ರಧಾನಿಯೂ ಆದರು.

ಇನ್ನೊಂದು ವಿಚಿತ್ರವನ್ನು ಮೇಷ್ಟ್ರು ಅಷ್ಟಾಗಿ ಎತ್ತಿ ಹೇಳಲಿಲ್ಲ, ನನಗೆ ಅದೇ ಮುಖ್ಯವಾಗಿ ಕಂಡಿತು. ಸ್ವಂತ ಕ್ಷೇತ್ರದಲ್ಲಿ ಹಿಂದಿನ ಸಲಕ್ಕಿಂತ ದೊಡ್ಡದಾಗಿ ಗೆದ್ದ ಹೊವಾರ್ಡ್, ಪಕ್ಷ ಅಧಿಕಾರಕ್ಕೆ ಬರಲಿಲ್ಲವೆಂಬ ಕಾರಣಕ್ಕೆ ಮತದಾನದ ಮರುದಿನವೇ ನಾಯಕತ್ವ ಬಿಡುವುದಾಗಿ ಪ್ರಕಟಿಸಿದರು. ಫೋಕ್‌ಸ್ಟನ್ ಅಂಡ್ ಹೈತ್ ಕ್ಷೇತ್ರದ ಮತದಾರರು ಅವರನ್ನು ಉಳಿಸಿಕೊಂಡರು, ದೇಶದ ಉಳಿದ ಕ್ಷೇತ್ರಗಳು ಸೇರಿ ಅವರನ್ನು ಕಳಿಸಿದವು. ಆ ಡಿಸೆಂಬರಿನಲ್ಲಿ ಪಕ್ಷದ ಸದಸ್ಯರ ಮತದಾನದಲ್ಲಿ ಡೇವಿಡ್ ಕ್ಯಾಮರನ್ 1,34,446 ಮತ ಪಡೆದು, 64,398 ಪಡೆದ ಡೇವಿಸ್ ಅವರನ್ನು ಹಿಂದೆ ಹಾಕಿ ನಾಯಕರಾದರು. ಅಂದರೆ ಮುಖಂಡರನ್ನು ಅವರದೇ ಅಂಗಳದಲ್ಲಿ ಕೆಡಹುವ ಮತ ಬೇರೆ, ಮುಖಂಡತ್ವವನ್ನು ಬದಲಿಸುವ ಮತ ಬೇರೆ. ಈ ಎರಡನ್ನೂ ಬೇರ್ಪಡಿಸದೆ ಹೋದದ್ದೇ ಮುಂದೆ ನಾಲ್ಕನೆಯ ಸಂಜೆಯನ್ನು ಕೆಡಿಸಿತು.

ಕೆಂಪಿನ ಆ ಒಂದು ಮತ ನನ್ನದು ಎಂದು ಒಪ್ಪಿಕೊಳ್ಳಬೇಕು. ಆಟವೆಂದು ಗೊತ್ತಿದ್ದರೂ ನನ್ನ ಡಬ್ಬಿ ಬಿಟ್ಟು ಇನ್ನೊಂದಕ್ಕೆ ಚೀಟಿ ಹಾಕಲು ಕೈ ಬರಲಿಲ್ಲ. ನಾನೂ ಹಳದಿಗೆ ಹಾಕಿದ್ದರೆ ಹನ್ನೆರಡಕ್ಕೆ ಹನ್ನೆರಡಾಗಿ ಚೀಟಿ ಎತ್ತಬೇಕಾಗುತ್ತಿತ್ತು. ಸಮನಾದಾಗ ಚೀಟಿ ಎತ್ತುವ ಕ್ರಮ ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಒಂದು ಮತದಿಂದ ಏನಾಗುತ್ತದೆ ಎಂದು ಪಕ್ಕದಲ್ಲಿದ್ದವರು ಸಮಾಧಾನ ಹೇಳಿದಾಗ ಹಿಂದಿನ ಸಾಲಿನಿಂದ ಯಾರೋ “ಸಂತೇಮರಹಳ್ಳಿ” ಎಂದರು, ಇಡೀ ಕೋಣೆ ನಕ್ಕಿತು. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದದ್ದನ್ನು ಮೈಸೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಸಂಜೆ ಮತ ವಿನಿಮಯದ್ದು. 2001ರಲ್ಲಿ ಗಾಯಕ ಬಿಲ್ಲಿ ಬ್ರ್ಯಾಗ್ ಡಾರ್ಸೆಟ್‌ನಲ್ಲಿ ಅಂತರಜಾಲದ ಮೂಲಕ ಒಂದು ಏರ್ಪಾಟು ಮಾಡಿದರು. ವೆಸ್ಟ್ ಡಾರ್ಸೆಟ್‌ನ ಲೇಬರ್ ಬೆಂಬಲಿಗರು ಲೆಟ್ವಿನ್ ವಿರುದ್ಧ ಲಿಬರಲ್ ಡೆಮಾಕ್ರಟರಿಗೆ ಹಾಕುವುದು, ಅದಕ್ಕೆ ಬದಲಾಗಿ ಸೌತ್ ಡಾರ್ಸೆಟ್‌ನ ಲಿಬರಲ್ ಡೆಮಾಕ್ರಟರು ಲೇಬರ್‌ಗೆ ಹಾಕುವುದು. ಹಣದ ಮಾತಿಲ್ಲದೆ ಹೀಗೆ ಪರಸ್ಪರ ಭಾಷೆ ಕೊಡುವುದು ಅಲ್ಲಿ ಅಪರಾಧವಲ್ಲ. ಸೌತ್ ಡಾರ್ಸೆಟ್‌ನಲ್ಲಿ ಲೇಬರ್ 153 ಮತಗಳಿಂದ ಗೆದ್ದಿತು, ಲೆಟ್ವಿನ್ 1,414ರಿಂದ ಉಳಿದುಕೊಂಡರು. ಒಂದು ಕಡೆಯವರು ಕೊಟ್ಟರು, ಇನ್ನೊಂದು ಕಡೆಯವರು ಕೊಡಲಿಲ್ಲ ಎಂದು ತರಗತಿಯಲ್ಲಿ ಹಲವರು ತೀರ್ಪು ಕೊಟ್ಟುಬಿಟ್ಟರು. ಮೇಷ್ಟ್ರು ಅವರನ್ನು ತಡೆದು, 1872ರ ಕಾಯಿದೆಯಿಂದ ಗುಪ್ತ ಮತದಾನ ಬಂದ ಮೇಲೆ ಯಾರು ಯಾರಿಗೆ ಕೊಟ್ಟರೆಂದು ಹೇಳುವವರು ಯಾರು, ಎಂದು ಕೇಳಿದರು. ಭಾಷೆ ತಪ್ಪಿದವರನ್ನು ಹಿಡಿಯುವ ದಾರಿಯೇ ಇಲ್ಲದ ಕರಾರು ಅದು. ಈ ಚರ್ಚೆ ಒಂದು ಗಂಟೆ ನಡೆಯಿತು, ಒಂದು ನಿಮಿಷವೂ ಹೆಚ್ಚೆನಿಸಲಿಲ್ಲ. ಅಂದು ಏಳಕ್ಕೆ ಮುಗಿಯಬೇಕಾದದ್ದು ಏಳೂವರೆಯಾಗಿ, ನಾನು ಆಟೊ ಹಿಡಿದು ನಿಲ್ದಾಣ ಮುಟ್ಟುವಷ್ಟರಲ್ಲಿ ನನ್ನ ರೈಲು ಹೊರಟುಹೋಗಿತ್ತು.

ನಾಲ್ಕನೆಯ ಸಂಜೆ, ತಮ್ಮದೇ ಪಕ್ಷದ ಮುಖಂಡತ್ವ ಒಪ್ಪಿಗೆಯಾಗದ ಮತದಾರರು ಏನು ಮಾಡುತ್ತಾರೆ ಎಂಬ ಪ್ರಶ್ನೆ. ಇದಕ್ಕೆ ಜೆರೆಮಿ ಕಾರ್ಬಿನ್ ನಾಯಕರಾಗಿದ್ದ ಕಾಲದ ಲೇಬರ್‌ಗಿಂತ ತಕ್ಕ ಉದಾಹರಣೆ ಸಿಗಲಾರದು. 2016ರ ಜೂನ್‌ನಲ್ಲಿ ಅವರದೇ ಪಕ್ಷದ 172 ಸಂಸದರು ಅವರ ಮೇಲೆ ವಿಶ್ವಾಸವಿಲ್ಲವೆಂದು ಮತ ಹಾಕಿದರು, ಪರವಾಗಿ ನಿಂತವರು 40 ಮಾತ್ರ. ಸೆಪ್ಟೆಂಬರಿನಲ್ಲಿ ಪಕ್ಷದ ಸದಸ್ಯರು ಶೇ 61.8ರಷ್ಟು ಮತ ಕೊಟ್ಟು ಅವರನ್ನೇ ಮತ್ತೆ ಆರಿಸಿದರು. 2017ರ ಚುನಾವಣೆಗೆ ಹೋದ ಲೇಬರ್ ಅಭ್ಯರ್ಥಿಗಳಲ್ಲಿ ಹಲವರು, ಕಾರ್ಬಿನ್ ಹೇಗೂ ಪ್ರಧಾನಿಯಾಗುವುದಿಲ್ಲ, ಆದ್ದರಿಂದ ಹೆದರದೆ ನನಗೆ ಮತ ಕೊಡಿ ಎಂಬ ಧಾಟಿಯಲ್ಲಿ ಮನೆಮನೆ ಸುತ್ತಿದರು. ಪಕ್ಷಕ್ಕೆ ಶೇ 40ರಷ್ಟು ಮತ, 262 ಸ್ಥಾನ ಬಂದವು, ಥೆರೆಸಾ ಮೇ ಬಹುಮತ ಕಳೆದುಕೊಂಡರು. ಮುಖಂಡನನ್ನು ಸಹಿಸಿಕೊಂಡು ಸ್ಥಳೀಯ ಸಂಸದನಿಗೆಂದು ಹಾಕಿದ ಮತಗಳೂ ಅದೇ ಮುಖಂಡನ ಗೆಲುವಿನ ಲೆಕ್ಕಕ್ಕೆ ಜಮೆಯಾಗಿ, ಅವರ ಸ್ಥಾನ ಮೊದಲಿಗಿಂತ ಗಟ್ಟಿಯಾಯಿತು.

2019ರಲ್ಲಿ ಇದರ ಇನ್ನೊಂದು ಮುಖ ಕಂಡಿತು. ಡಡ್ಲಿ ನಾರ್ತ್‌ನಲ್ಲಿ 2017ರಲ್ಲಿ ಬರೀ 22 ಮತಗಳಿಂದ ಲೇಬರ್ ಪರವಾಗಿ ಗೆದ್ದಿದ್ದ ಇಯಾನ್ ಆಸ್ಟಿನ್, ಪಕ್ಷ ಬಿಟ್ಟು, ಆ ನವೆಂಬರಿನಲ್ಲಿ ಕಾರ್ಬಿನ್ ಅವರನ್ನು ತಡೆಯಲು ಕನ್ಸರ್ವೇಟಿವ್ ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೆ ಮತ ಹಾಕಿರೆಂದು ಬಹಿರಂಗವಾಗಿ ಕರೆ ಕೊಟ್ಟರು. ಡಿಸೆಂಬರ್ 12ರಂದು ಆ ಕ್ಷೇತ್ರ 11,533 ಮತಗಳ ಅಂತರದಿಂದ ಕನ್ಸರ್ವೇಟಿವ್ ಪಾಲಾಯಿತು. ಲೇಬರ್ 202 ಸ್ಥಾನಕ್ಕೆ ಕುಸಿಯಿತು, ಮುಂದಿನ ಚುನಾವಣೆಗೆ ತಾನು ನೇತೃತ್ವ ವಹಿಸುವುದಿಲ್ಲವೆಂದು ಕಾರ್ಬಿನ್ ಹೇಳಿದರು, 2020ರ ಏಪ್ರಿಲ್‌ನಲ್ಲಿ ಕೀರ್ ಸ್ಟಾರ್ಮರ್ ನಾಯಕರಾಗಿ ಬಂದರು. ಅಷ್ಟಾದರೂ ಇಸ್ಲಿಂಗ್ಟನ್ ನಾರ್ತ್ ಕ್ಷೇತ್ರದಲ್ಲಿ ಕಾರ್ಬಿನ್ ಅವರ ಗೆಲುವಿನ ಅಂತರ 26,188. ಅವರನ್ನು ಹೊವಾರ್ಡ್ ಮಾದರಿಯಲ್ಲಿ ಅಂಗಳದಲ್ಲೇ ಕೆಡಹುವ ಮಾತೇ ಇರಲಿಲ್ಲ. ಉಳಿದದ್ದು ಇಡೀ ಪಕ್ಷವನ್ನು ಸೋಲಿಸಿ ಮುಖಂಡನನ್ನು ಹೊರಗೆ ಕಳಿಸುವ ದಾರಿ, ಅದಕ್ಕೆ ತೆರಬೇಕಾದ ಬೆಲೆ ಐದು ವರ್ಷ ಎದುರಾಳಿಯ ಸರ್ಕಾರ.

ಈ ಸಂಗತಿಗಳನ್ನೆಲ್ಲ ಮೇಷ್ಟ್ರು ಹೇಳಿದರು, ಆದರೆ ಜೋಡಿಸಲಿಲ್ಲ. ಅಂದು ಮತ್ತೆ ಚೀಟಿ ಹಂಚಿದಾಗ ನನಗೆ ಬಂದದ್ದು ಮುಖಂಡನ ಮೇಲೆ ಸಿಟ್ಟಿರುವ ಕೆಂಪು ಬೆಂಬಲಿಗನ ಪಾತ್ರ. ಕತ್ತರಿ ಗುರುತು ಹಾಕಿ, ಪಕ್ಕದಲ್ಲಿ ಸಣ್ಣದಾಗಿ “ಪಕ್ಷ ಬೇಕು, ಮುಖಂಡ ಬೇಡ” ಎಂದು ಬರೆದು ಹಾಕಿದೆ. ಎಣಿಸುವಾಗ ಅವರು ಚೀಟಿಯನ್ನು ಬೆಳಕಿಗೆ ಹಿಡಿದು, ಬರೆದದ್ದನ್ನು ಮನಸ್ಸಿನಲ್ಲೇ ಓದಿಕೊಂಡು, “ಗುರುತು ಸರಿಯಿದೆ, ಕೆಂಪಿಗೆ ಒಂದು” ಎಂದು ಡಬ್ಬಿಗೆ ಹಾಕಿಬಿಟ್ಟರು. ಆ ದಿನದ ಪಾಠ ಅಲ್ಲೇ ಇತ್ತು. ಮತ ಯಾಕೆ ಹಾಕಿದೆವೆಂಬುದು ಎಣಿಕೆಯ ಮೇಜಿನವರೆಗೂ ಬರುವುದಿಲ್ಲ. ಯಾರಿಗೆ ಹಾಕಿದೆವೆಂಬುದಷ್ಟೇ ಬರುತ್ತದೆ, ಅದರ ಅರ್ಥವನ್ನು ಗೆದ್ದವರು ಬರೆದುಕೊಳ್ಳುತ್ತಾರೆ. ಅದನ್ನು ಹಿಡಿದು 2017ಕ್ಕೂ 2019ಕ್ಕೂ ಗಂಟು ಹಾಕಬಹುದಿತ್ತು. ಅವರು ಅದರ ಬದಲು ಸ್ಲೈಡ್ ಬದಲಿಸಿದರು, ಮಂಡ್ಯ ಬಂತು.

ಮಂಡ್ಯದವನಾಗಿ ಇಲ್ಲಿ ನನಗೆ ತಕರಾರಿದೆ. 2019ರ ಲೋಕಸಭಾ ಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್, ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ ಅವರನ್ನು 1,25,876 ಮತಗಳಿಂದ ಸೋಲಿಸಿದ್ದನ್ನು ಮೇಷ್ಟ್ರು ಶಿರಚ್ಛೇದ ತಂತ್ರದ ನಮ್ಮೂರಿನ ರೂಪವೆಂದು ಕರೆದರು. ಮೈತ್ರಿಯ ಕಾರಣಕ್ಕೆ ಕಾಂಗ್ರೆಸ್‌ಗೆ ಅಭ್ಯರ್ಥಿಯಿರಲಿಲ್ಲ, ಬಿಜೆಪಿ ಅಭ್ಯರ್ಥಿ ಹಾಕದೆ ಪಕ್ಷೇತರರನ್ನು ಬೆಂಬಲಿಸಿತು, ಸ್ಥಳೀಯ ಕಾಂಗ್ರೆಸ್ ಕಾರ್ಯಕರ್ತರಲ್ಲಿ ಹಲವರು ಮೈತ್ರಿಯನ್ನು ಬದಿಗಿಟ್ಟರು, ಇದೆಲ್ಲ ನಿಜ. “ನಮ್ಮೋನು ಗೆಲ್ದೆ ಇದ್ರೂ ಪರ್ವಾಗಿಲ್ಲ, ಅವ್ರು ಗೆಲ್ಬಾರ್ದು” ಎಂಬ ಮಾತು ನಮ್ಮ ಕಡೆಯ ಹೋಟೆಲುಗಳಲ್ಲಿ ಆಗ ದಿನವೂ ಕೇಳುತ್ತಿತ್ತು. ಆದರೆ ಸೋತವರು ವಿರೋಧ ಪಕ್ಷದ ಮುಖಂಡರಾಗಿರಲಿಲ್ಲ, ಆಗಿನ ಮುಖ್ಯಮಂತ್ರಿಯ ಮಗ. ಅದು ಅಧಿಕಾರಸ್ಥರ ವಿರುದ್ಧದ ಮತ, 2005ರದ್ದು ವಿರೋಧಿಗಳ ಮೇಲೆ ಗುರಿಯಿಟ್ಟ ಮತ.

ಹೋಲಿಕೆ ಬೇಕೇ ಬೇಕೆಂದಿದ್ದರೆ ತರಗತಿಯಿಂದ ಆಟೊ ಹಿಡಿದು ಹೋಗುವಷ್ಟು ದೂರದಲ್ಲಿ ಚಾಮುಂಡೇಶ್ವರಿ ಕ್ಷೇತ್ರವಿತ್ತು. 2006ರ ಡಿಸೆಂಬರಿನ ಉಪಚುನಾವಣೆಯಲ್ಲಿ, ಜೆಡಿಎಸ್ ಮತ್ತು ಬಿಜೆಪಿ ಕೂಡಿ ರಾಜ್ಯ ಆಳುತ್ತಿದ್ದಾಗ, ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಸೇರಿದ್ದ ಸಿದ್ದರಾಮಯ್ಯ ಅವರನ್ನು ಅವರ ನೆಲದಲ್ಲೇ ಸೋಲಿಸಲು ನಡೆದ ಯತ್ನ ಅದು. ಅವರು ಉಳಿದದ್ದು 257 ಮತಗಳಿಂದ. ವೆಸ್ಟ್‌ಮರ್ಲೆಂಡ್‌ನಲ್ಲಿ ಕಾಲಿನ್ಸ್ ಹೋದದ್ದು 267 ಮತಗಳಿಂದ. ಹತ್ತು ಮತದ ಅಂತರದಲ್ಲಿ ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದಿದ್ದರೆ ಇಪ್ಪತ್ನಾಲ್ಕು ಜನರಲ್ಲಿ ಯಾರೂ ಮರೆಯುತ್ತಿರಲಿಲ್ಲ. ಅಲ್ಲಿಂದ ಮುಂದಕ್ಕೆ ಇನ್ನೊಂದು ವ್ಯತ್ಯಾಸವನ್ನೂ ಹೇಳಬಹುದಿತ್ತು. 2018ರಲ್ಲಿ ಅದೇ ಚಾಮುಂಡೇಶ್ವರಿಯಲ್ಲಿ 36,042 ಮತಗಳಿಂದ ಸೋತ ಸಿದ್ದರಾಮಯ್ಯ, ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದು ವಿಧಾನಸಭೆಗೆ ಹೋದರು, ಏಕೆಂದರೆ ನಮ್ಮ ಕಾನೂನು ಒಬ್ಬರಿಗೆ ಎರಡು ಕ್ಷೇತ್ರದಲ್ಲಿ ನಿಲ್ಲಲು ಬಿಡುತ್ತದೆ. ಬ್ರಿಟನ್ನಿನಲ್ಲಿ ದೊಡ್ಡ ಪಕ್ಷಗಳ ನಾಯಕರು ನಿಲ್ಲುವುದು ಒಂದೇ ಕಡೆ. ಲಿಬರಲ್ ಡೆಮಾಕ್ರಟರ ನಾಯಕಿ ಜೋ ಸ್ವಿನ್ಸನ್ 2019ರಲ್ಲಿ ಈಸ್ಟ್ ಡನ್‌ಬಾರ್ಟನ್‌ಶೈರ್‌ನಲ್ಲಿ 149 ಮತಗಳಿಂದ ಸೋತರು. ಸಂಸತ್ ಸ್ಥಾನದ ಜೊತೆಗೇ ನಾಯಕತ್ವವೂ ಹೋಯಿತು. ಕ್ಷೇತ್ರದಲ್ಲೇ ಮುಖಂಡರನ್ನು ಕೆಡಹುವ ಆಸೆ ಅಲ್ಲಿ ಯಾಕೆ ಹುಟ್ಟುತ್ತದೆ, ಇಲ್ಲಿ ಯಾಕೆ ಅಷ್ಟು ಬೆಳೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ವಿವರಣೆ ಬೇಡ.

ಐದನೆಯ ಸಂಜೆ ಮೇಷ್ಟ್ರು ಬರಲಿಲ್ಲ. ಬದಲಿಗೆ ಬಂದವರು ಸ್ಪರ್ಧಾತ್ಮಕ ಪರೀಕ್ಷೆಗೆ ತರಬೇತಿ ಕೊಡುವವರು. ಬ್ರಿಟನ್ನಿನ ಅರಸೊತ್ತಿಗೆಯ ಬಗ್ಗೆ ಒಂದು ಗಂಟೆ ಮಾತಾಡಿ, ಮುಂದಿನ ತಿಂಗಳು ಆರಂಭವಾಗುವ ತಮ್ಮ ಬ್ಯಾಚಿನ ಕರಪತ್ರ ಹಂಚಿದರು. ಅರ್ಧದಲ್ಲಿ ಕರೆಂಟು ಹೋದದ್ದು ಅವರ ತಪ್ಪಲ್ಲ. ಒಂದು ಸಂಜೆಯ ಶುಲ್ಕ 240 ರೂಪಾಯಿ ಹಿಂದಿರುಗಿಸಿ ಎಂದು ಕೇಳಿದ್ದೇನೆ, ಮುಂದಿನ ಮಾಲೆಯಲ್ಲಿ ಕಡಿತ ಮಾಡುತ್ತೇವೆ ಎಂಬ ಉತ್ತರ ಬಂದಿದೆ. ಕಾಫಿ ಮಾತ್ರ ಐದು ಸಂಜೆಯೂ ಒಂದೇ ಹದದಲ್ಲಿತ್ತು.

ಶುಲ್ಕದೊಳಗೇ ಕೊಡುವ ನಲವತ್ತು ಪುಟದ ಕಿರುಪುಸ್ತಕದ ಬಗ್ಗೆ ಎರಡು ಮಾತು. ಅದರಲ್ಲಿ ಉದ್ದಕ್ಕೂ “ಕುತಂತ್ರದ ಮತದಾನ” ಎಂಬ ಪದ ಬಳಸಿದ್ದಾರೆ. ಕುತಂತ್ರವೆಂದರೆ ಬೆನ್ನ ಹಿಂದೆ ಕೆಡುಕು ಮಾಡುವುದು. ತನ್ನ ಒಂದು ಮತವನ್ನು ಎಲ್ಲಿ ಹಾಕಿದರೆ ಕೆಲಸಕ್ಕೆ ಬಂದೀತು ಎಂದು ಯೋಚಿಸುವ ಮತದಾರನಿಗೆ ಆ ಹೆಸರು ಸಲ್ಲದು. ಪತ್ರಿಕೆಗಳಲ್ಲಿ ಬಳಕೆಯಲ್ಲಿರುವ “ಒಳ ಹೊಂದಾಣಿಕೆ”ಯೂ ಇದಕ್ಕೆ ಹೊಂದುವುದಿಲ್ಲ, ಅದು ಮುಖಂಡ ಮುಖಂಡರ ನಡುವೆ ಕುದುರುವ ವ್ಯವಹಾರ, ಮತದಾರನಿಗೆ ಅದರಲ್ಲಿ ಪಾಲಿಲ್ಲ. ಮೇಷ್ಟ್ರು ಬಾಯಲ್ಲಿ ಹೇಳುತ್ತಿದ್ದ “ತಂತ್ರದ ಮತ” ಎಂಬುದನ್ನೇ ಅಚ್ಚು ಮಾಡಬಹುದಿತ್ತು.

ಎರಡನೆಯದು ಇನ್ನೂ ಗಂಭೀರ. 14ನೆಯ ಪುಟದ ಕೋಷ್ಟಕದಲ್ಲಿ ಮೇಡನ್‌ಹೆಡ್‌ನ ಎರಡು ಅಂಕಿಗಳು ಅದಲುಬದಲಾಗಿ ಅಚ್ಚಾಗಿವೆ. ಥೆರೆಸಾ ಮೇ ಅವರ ಅಂತರ 6,231ರಿಂದ 3,284ಕ್ಕೆ ಇಳಿಯಿತೆಂದು ಅದರಲ್ಲಿ ಕಾಣುತ್ತದೆ, ತರಗತಿಗೆ ಬಾರದೆ ಪುಸ್ತಕವನ್ನಷ್ಟೇ ಓದಿದವರು ಶಿರಚ್ಛೇದ ತಂತ್ರ ಅರ್ಧ ಫಲಿಸಿತೆಂದು ತಿಳಿಯುತ್ತಾರೆ. ತಪ್ಪನ್ನು ತೋರಿಸಿದಾಗ ಕಚೇರಿಯಲ್ಲಿದ್ದವರು ಒಪ್ಪಿಕೊಂಡು, ಇನ್ನೂ ಎರಡು ಕಟ್ಟು ಉಳಿದಿವೆ, ಅವು ಮುಗಿದ ಮೇಲೆ ತಿದ್ದಿ ಅಚ್ಚು ಹಾಕಿಸುತ್ತೇವೆ ಎಂದರು. ಮುಂದಿನ ಮಾಲೆಗೆ ಸೇರುವವರು, ಐದನೆಯ ಸಂಜೆಗೂ ಮೇಷ್ಟ್ರೇ ಬರುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ. ಪುಸ್ತಕ ಕೈಗೆ ಬಂದ ಕೂಡಲೇ ಪೆನ್ಸಿಲ್ ಹಿಡಿದು ಮೇಡನ್‌ಹೆಡ್‌ನ ಸಾಲಿನಲ್ಲಿ ಎಡಕ್ಕಿರುವ ಅಂಕಿಯನ್ನು ಬಲಕ್ಕೆ, ಬಲಕ್ಕಿರುವುದನ್ನು ಎಡಕ್ಕೆ ಬರೆದುಕೊಳ್ಳಿ.